ಪೊಲೀಸರೇ ಕೇಳದ ಪದವಿಗೆ ಆರು ಲಕ್ಷ ಯಾಕೆ?

ಮೊನ್ನೆ ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. "ಪುಟ್ಟಿ ಇಂಜಿನಿಯರಿಂಗ್ ಬೇಡ ಅಂತಾಳೆ ಕಣೋ. ಫೋರೆನ್ಸಿಕ್ಕು, ಕ್ರಿಮಿನಾಲಜಿ ಅಂತ ಏನೋ ಬಿಎಸ್ಸಿ ಇದೆಯಂತೆ. ಬೆಂಗಳೂರಲ್ಲಿ ಮೂರು ವರ್ಷಕ್ಕೆ ಹಾಸ್ಟೆಲ್ ಸೇರಿ ಆರು ಲಕ್ಷ. ಮುಗಿಸಿದ್ರೆ ಪೊಲೀಸ್ ಇಲಾಖೇಲಿ ಕೆಲಸ ಗ್ಯಾರಂಟಿ ಅಂದ್ರು ಕಾಲೇಜಿನವರು. ಸೇರಿಸ್ಲಾ?"

ಆ ಗ್ಯಾರಂಟಿ ಅನ್ನೋ ಪದ ಕೇಳಿ ತಲೆ ಕೆಟ್ಟಿತು. ಅದಕ್ಕೇ ಇಷ್ಟು ಬರೀತಿದ್ದೀನಿ.

ಕರ್ನಾಟಕದಲ್ಲಿ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಆಗೋಕೆ ಪಿಯುಸಿ ಸಾಕು. ಸಬ್ ಇನ್ಸ್‌ಪೆಕ್ಟರ್ ಆಗೋಕೆ ಯಾವುದಾದರೂ ಒಂದು ಪದವಿ ಸಾಕು. ಐಪಿಎಸ್‌ಗೂ ಅಷ್ಟೇ. ಇಂಜಿನಿಯರ್, ಡಾಕ್ಟರ್, ಕನ್ನಡ ಎಂಎ ಯಾರು ಬೇಕಾದರೂ ಬರೆಯಬಹುದು. ಇನ್ನೂ ತಮಾಷೆ ಕೇಳಿ. ಯುಪಿಎಸ್ಸಿ ನಾಗರಿಕ ಸೇವಾ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಪಶುವೈದ್ಯಕೀಯ ಇದೆ, ಭೂಗರ್ಭಶಾಸ್ತ್ರ ಇದೆ. ಅಪರಾಧಶಾಸ್ತ್ರ ಇಲ್ಲ! ಅಪರಾಧದ ಬಗ್ಗೆಯೇ ಮೂರು ವರ್ಷ ಓದಿದ ಹುಡುಗಿ ಪೊಲೀಸ್ ಆಗಬೇಕಾದರೆ ಬೇರೇನೋ ಓದಿಕೊಂಡು ಪರೀಕ್ಷೆ ಬರೆಯಬೇಕು.

ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗ್ತಾಳೆ ಅಂತೀರಾ? ಅಲ್ಲಿನ ವೈಜ್ಞಾನಿಕ ಹುದ್ದೆಗಳಿಗೆ ಸಾಮಾನ್ಯವಾಗಿ ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿಯಲ್ಲಿ ಎಂಎಸ್ಸಿ ಮಾಡಿದವರೂ ಅರ್ಜಿ ಹಾಕಬಹುದು. ಸರ್ಕಾರಿ ಕಾಲೇಜಿನಲ್ಲಿ ಕಮ್ಮಿ ಖರ್ಚಲ್ಲಿ ಓದಿದವಳೂ ಆರು ಲಕ್ಷ ಕಟ್ಟಿದವಳೂ ಒಂದೇ ಸಾಲಲ್ಲಿ ನಿಲ್ಲಬೇಕು. ಕಂಪನಿಗಳ ಸೈಬರ್ ತನಿಖೆಯ ಕೆಲಸವೋ? ನಾನು ನೋಡಿದ ಮಟ್ಟಿಗೆ ಆ ಕುರ್ಚಿಗಳಲ್ಲಿ ಕೂತಿರೋರು ನಮ್ಮಂಥ ಕಂಪ್ಯೂಟರ್ ಸೈನ್ಸ್‌ನವರೇ. ಉಳಿದದ್ದು ಯುಜಿಸಿ ನೆಟ್. ಅದರಲ್ಲಿ ಅಪರಾಧಶಾಸ್ತ್ರ, ವಿಧಿವಿಜ್ಞಾನ ಎರಡೂ ಇವೆ. ಅಂದರೆ ಈ ಕೋರ್ಸ್ ಓದಿದವರು ಇದೇ ಕೋರ್ಸನ್ನು ಮುಂದಿನ ಬ್ಯಾಚಿಗೆ ಪಾಠ ಮಾಡಬಹುದು :-)

ಖರ್ಚು ಅಂದ್ರೆ ಬರೀ ಫೀಸಲ್ಲ, ಕಾಯೋ ವರ್ಷಗಳೂ ಖರ್ಚೇ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಮಕ್ಕಳು ಆ ಎರಡು ವರ್ಷ ಯಾರ ದುಡ್ಡಲ್ಲಿ ಊಟ ಮಾಡಿದರು?

ಹಾಗಾದರೆ ಈ ಓದೇ ದಂಡವಾ? ಖಂಡಿತ ಅಲ್ಲ. ನನ್ನ ಸಿಟ್ಟಿಗೆ ಕಾರಣವೇ ಅದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶದ ಪ್ರಕಾರ ನಮ್ಮ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಸಾಕ್ಷ್ಯವನ್ನು ಸರಿಯಾಗಿ ಸಂಗ್ರಹಿಸೋರು, ಬೇಗ ಪರೀಕ್ಷಿಸಿ ವರದಿ ಕೊಡೋರು ಇಲ್ಲದಿದ್ದರೆ ತಪ್ಪು ಮಾಡದವನು ಒಳಗೆ ಕೊಳೀತಾನೆ, ಮಾಡಿದವನು ಮೀಸೆ ತಿರುವಿಕೊಂಡು ಹೊರಗೆ ಬರ್ತಾನೆ.

ಸರ್ಕಾರಕ್ಕೂ ಇದು ಗೊತ್ತಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಅದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷ ಸಮಯ ಇದೆ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಕ್ಯಾಂಪಸ್ಸು, ಪ್ರಯೋಗಾಲಯಗಳಿಗೆ 2,254 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ನಮ್ಮ ಧಾರವಾಡದಲ್ಲೂ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಸಂತೋಷ. ಆದರೆ ಕಟ್ಟಡ ಕಟ್ಟಿದ ಮೇಲೆ ಒಳಗೆ ಓದಿದವರಿಗೆ ಕುರ್ಚಿಯೂ ಬೇಕಲ್ವಾ? ಪೊಲೀಸ್ ನೇಮಕಾತಿಯಲ್ಲಿ ಈ ಪದವಿಗೆ ಒಂದಿಷ್ಟು ಹುದ್ದೆ ಮೀಸಲಿಡಿ, ಕೊನೇಪಕ್ಷ ನಾಲ್ಕು ಅಂಕ ಹೆಚ್ಚು ಕೊಡಿ. ಅದನ್ನೂ ಮಾಡದೆ ಸೀಟು ಹೆಚ್ಚಿಸುತ್ತಾ ಹೋದರೆ ಲಾಭ ಕಾಲೇಜಿಗೆ, ಸಾಲ ಅಪ್ಪ ಅಮ್ಮನಿಗೆ.

ಚಿಕ್ಕಮ್ಮನಿಗೆ ಹೇಳಿದೆ: "ಪುಟ್ಟಿ ಆಸೆ ಮುರೀಬೇಡಿ. ಅಲ್ಲೇ ಊರಲ್ಲಿ ಸರ್ಕಾರಿ ಕಾಲೇಜಲ್ಲಿ ಕೆಮಿಸ್ಟ್ರಿ ತಗೊಂಡು ಬಿಎಸ್ಸಿ ಮಾಡ್ಲಿ. ಆಮೇಲೂ ಆಸೆ ಇದ್ರೆ ಎಂಎಸ್ಸಿ ಫೋರೆನ್ಸಿಕ್ ಮಾಡ್ಲಿ, ಇಲ್ಲಾಂದ್ರೆ ಮೂರು ವರ್ಷದ ಎಲ್‌ಎಲ್‌ಬಿ ಇದ್ದೇ ಇದೆ. ಅದೇ ಕಾಲೇಜು ಬೇಕು ಅಂದ್ರೆ ಒಂದು ಮಾತು ಕೇಳಿ. ಹಿಂದಿನ ಮೂರು ಬ್ಯಾಚಲ್ಲಿ ಇಲಾಖೆಗೆ ಸೇರಿದವರೆಷ್ಟು ಜನ, ಬರವಣಿಗೆಯಲ್ಲಿ ಕೊಡ್ತೀರಾ ಅಂತ."

ಮರುದಿನ ಚಿಕ್ಕಮ್ಮ ಕಾಲೇಜಿಗೆ ಫೋನ್ ಮಾಡಿ ಕೇಳಿದರಂತೆ. "ಬನ್ನಿ ಮೇಡಂ, ಕ್ಯಾಂಪಸ್ ನೋಡಿ, ಆಮೇಲೆ ಮಾತಾಡೋಣ" ಅಂದರಂತೆ.

ನಿಮ್ಮ ಮನೆಯಲ್ಲೂ ಇಂಥ ಪುಟ್ಟಿಯರಿದ್ದರೆ, ಈ ಓದು ಮುಗಿಸಿ ಕೆಲಸದಲ್ಲಿರೋರು ಗೊತ್ತಿದ್ದರೆ ದಯವಿಟ್ಟು ಬರೀರಿ. ನಾನು ಹೇಳಿದ್ದು ತಪ್ಪು ಅಂತ ತೋರಿಸಿದರೆ ಎಲ್ಲರಿಗಿಂತ ಹೆಚ್ಚು ಖುಷಿಪಡೋನು ನಾನೇ.