ಕನ್ನಡದ ಕಡತ ಯಾರ ವಶದಲ್ಲಿರಬೇಕು?

ಠಾಣೆ–ಬೇಲಾಪುರ ರಸ್ತೆಯುದ್ದಕ್ಕೂ, ಐರೋಲಿ, ರಬಾಳೆ, ಮಹಾಪೆಗಳಲ್ಲಿ ಹಿಂದೆ ಕಾರ್ಖಾನೆಗಳೇ ತುಂಬಿದ್ದ ಪಟ್ಟಿಯಲ್ಲಿ ಈಗ ಒಂದರ ಪಕ್ಕ ಒಂದು ದತ್ತಾಂಶ ಕೇಂದ್ರಗಳು ಎದ್ದಿವೆ. ಅದೇ ಹಾದಿಯ ಘನಸೋಲಿಯಲ್ಲಿ ಜಿಯೋದ ವಿಶಾಲ ಆವರಣವಿದೆ. 2020ರಲ್ಲಿ ಜಿಯೋ ಪ್ಲಾಟ್‌ಫಾರ್ಮ್ಸ್‌ನ ಶೇ. 9.99 ಪಾಲನ್ನು ಫೇಸ್‌ಬುಕ್ 43,574 ಕೋಟಿ ರೂಪಾಯಿಗೆ ಕೊಂಡಿತು, ಶೇ. 7.73 ಪಾಲನ್ನು ಗೂಗಲ್ 33,737 ಕೋಟಿಗೆ ಕೊಂಡಿತು. ಇನ್ನೂ ಸ್ವಲ್ಪ ದಕ್ಷಿಣಕ್ಕೆ, ಖಾರ್ಘರ್ ನಿಲ್ದಾಣದ ಎದುರು, ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್ ಮುಂಬಯಿಯ ಕಚೇರಿ ಇದೆ. ಈ ಸಂಸ್ಥೆಯ ಪೂರ್ವರೂಪವಾದ ಎನ್‌ಸಿಎಸ್‌ಟಿ, ಲಿನಕ್ಸ್ ಪರದೆಯ ಮೇಲೆ ಭಾರತೀಯ ಲಿಪಿಗಳನ್ನು ಮೂಡಿಸುವ ‘ಇಂಡಿಕ್ಸ್’ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನು ನಡೆಸಿತ್ತು. ದೊಡ್ಡ ಕಂಪನಿಗಳ ಬಂಡವಾಳ ಮತ್ತು ಮುಕ್ತ ತಂತ್ರಾಂಶದ ಸಾರ್ವಜನಿಕ ಪ್ರಯತ್ನ ಹೀಗೆ ನವಿ ಮುಂಬಯಿಯಲ್ಲಿ ನೆರೆಹೊರೆಯವು.

ಈ ಪಟ್ಟಿಯ ಆಚೀಚೆ ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿಗಳಲ್ಲಿ ಕನ್ನಡ ಸಂಘಗಳಿವೆ, ಸಮುದಾಯ ಸಂಸ್ಥೆಗಳಿವೆ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂತಹ ಶಾಲೆಗಳೂ ಇವೆ. ಸ್ಮರಣ ಸಂಚಿಕೆ, ಸದಸ್ಯರ ಪಟ್ಟಿ, ಯಕ್ಷಗಾನ–ನಾಟಕಗಳ ಧ್ವನಿಮುದ್ರಣ, ಹಳೆಯ ಛಾಯಾಚಿತ್ರ, ಮಕ್ಕಳ ಪಾಠ: ಇಂಥ ಸಂಸ್ಥೆಗಳ ಆಸ್ತಿಯಲ್ಲಿ ಬಹುಪಾಲು ಈಗ ಕಂಪ್ಯೂಟರ್ ಕಡತಗಳ ರೂಪದಲ್ಲಿದೆ. ಅವನ್ನು ದೊಡ್ಡ ಕಂಪನಿಗಳ ಉಚಿತ ಸೇವೆಗಳಿಗೆ ಒಪ್ಪಿಸುವುದು ಲೇಸೇ, ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ನೆರವಿನಿಂದ ತಾವೇ ಕಾಪಾಡಿಕೊಳ್ಳುವುದು ಲೇಸೇ ಎಂಬ ಪ್ರಶ್ನೆಗೆ ಎರಡೂ ಕಡೆ ಪ್ರಾಮಾಣಿಕ ಉತ್ತರಗಳಿವೆ. ಎರಡೂ ಕಡೆ ನ್ಯಾಯವಾದ ಸಂಶಯಗಳೂ ಇವೆ.

ಕಂಪನಿಗಳ ಪರವಾದ ವಾದದ ಬಲ ಸಂಘಗಳ ನಿತ್ಯದ ಸ್ಥಿತಿಯಲ್ಲೇ ಇದೆ. ಸಂಘದ ಕಾರ್ಯದರ್ಶಿ ಸಂಬಳದವರಲ್ಲ. ದಿನವಿಡೀ ಕಚೇರಿಯಲ್ಲಿ ದುಡಿದು, ಸಂಜೆಯ ಕಿಕ್ಕಿರಿದ ಲೋಕಲ್‌ನಲ್ಲಿ ಡೊಂಬಿವಲಿಗೋ ಕಲ್ಯಾಣಕ್ಕೋ ಮರಳಿ, ಆಮೇಲೆ ಸಂಘದ ಕೆಲಸಕ್ಕೆ ಕೂರುವವರು. ಸರ್ವರ್ ನೋಡಿಕೊಳ್ಳಿ, ಭದ್ರತಾ ಪರಿಷ್ಕರಣೆ ಮಾಡಿ ಎಂದು ಅವರಿಗೆ ಹೇಳುವುದು ನ್ಯಾಯವಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಾರ್ಯಕ್ರಮದ ಕರೆಯೋಲೆ ನಿಮಿಷದೊಳಗೆ ಎಲ್ಲ ಮನೆಗಳಿಗೂ ತಲಪುತ್ತದೆ. ಕೋವಿಡ್ ಕಾಲದಲ್ಲಿ ಪಾಠವೂ ಸಾಹಿತ್ಯಗೋಷ್ಠಿಯೂ ನಿಲ್ಲದೆ ನಡೆಯಲು ಜೂಮ್, ಗೂಗಲ್ ಮೀಟ್‌ಗಳೇ ಕಾರಣವಾದವು. ಭಾಷೆಯ ವಿಚಾರದಲ್ಲೂ ಈ ಕಂಪನಿಗಳ ಕೊಡುಗೆ ಕಡಿಮೆಯದಲ್ಲ. ಗೂಗಲ್ ಅನುವಾದಕ್ಕೆ 2011ರ ಜೂನ್‌ನಲ್ಲಿ ಕನ್ನಡ ಸೇರಿತು; 2024ರ ಜೂನ್‌ನಲ್ಲಿ ತುಳುವೂ ಸೇರಿತು. ಈ ಭಾಗದ ಅನೇಕ ಕನ್ನಡಿಗರ ಮನೆಮಾತು ತುಳು ಎಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಮದ್ರಾಸ್ ಐಐಟಿಯ ಎಐ4ಭಾರತ್ 2023ರಲ್ಲಿ ಬಿಡುಗಡೆ ಮಾಡಿದ ಇಂಡಿಕ್‌ಟ್ರಾನ್ಸ್2 ಅತ್ಯಂತ ಉಪಯುಕ್ತವಾದ ಮುಕ್ತ ಅನುವಾದ ವ್ಯವಸ್ಥೆ. ಆದರೆ ಅದು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಸೀಮಿತ. ತುಳುವಿಗೆ ಅಲ್ಲಿ ಜಾಗವಿಲ್ಲ. ಮುಕ್ತ ತಂತ್ರಾಂಶದ ಪರ ಮಾತನಾಡುವವರು ಈ ಸಂಗತಿಯನ್ನು ಪಕ್ಕಕ್ಕೆ ಸರಿಸಬಾರದು.

ಇದಕ್ಕೆ ಮರುವಾದವೂ ಅಷ್ಟೇ ಗಟ್ಟಿಯಾದುದು. ಕಂಪನಿಗೆ ನಮ್ಮ ಭಾಷೆ ನೂರಾರು ಭಾಷೆಗಳಲ್ಲಿ ಒಂದು. ತಪ್ಪಾದಾಗ ನೋವು ನಮಗೆ, ತಿದ್ದುವ ಅಧಿಕಾರ ಅವರಿಗೆ. 2021ರ ಜೂನ್‌ನಲ್ಲಿ ಭಾರತದ ಅತಿ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ಹುಡುಕಾಟ ಕನ್ನಡದ ಹೆಸರು ತೋರಿಸಿ, ಆಮೇಲೆ ಕಂಪನಿ ಕ್ಷಮೆ ಕೇಳಿತು. 2025ರ ಜುಲೈಯಲ್ಲಿ ನಟಿ ಬಿ. ಸರೋಜಾದೇವಿಯವರ ನಿಧನಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಲ್ಲಿಸಿದ ಸಂತಾಪವನ್ನು ಮೆಟಾದ ಯಂತ್ರಾನುವಾದ, ಮುಖ್ಯಮಂತ್ರಿಯೇ ತೀರಿಕೊಂಡರೆಂಬ ಅರ್ಥ ಬರುವಂತೆ ಇಂಗ್ಲಿಷ್‌ಗೆ ಇಳಿಸಿತು. ಆಗಲೂ ಕ್ಷಮೆ ಬಂತು. ಮುಖ್ಯಮಂತ್ರಿಯ ಕಚೇರಿ ಪತ್ರ ಬರೆದರೆ ಕಂಪನಿ ಓಗೊಡುತ್ತದೆ. ಕಲ್ಯಾಣದ ಒಂದು ಸಣ್ಣ ಸಂಘ ಬರೆದರೆ ಅದನ್ನು ಓದುವವರು ಯಾರು ಎಂಬುದು ಸಹಜವಾದ ಕಳವಳ.

ಉಚಿತ ಎಂಬುದರ ಬಾಳಿಕೆಯ ಪ್ರಶ್ನೆಯೂ ಇದೆ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಮುಗಿಯಿತು. ಶಿಕ್ಷಣ ಸಂಸ್ಥೆಗಳಿಗಿದ್ದ ಮಿತಿಯಿಲ್ಲದ ಜಾಗವೂ ಆಮೇಲೆ ಸಂಸ್ಥೆಗೆ ಒಟ್ಟು 100 ಟೆರಾಬೈಟ್‌ಗೆ ಇಳಿಯಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮ 2023ರ ಡಿಸೆಂಬರ್‌ನಿಂದ ಜಾರಿಗೆ ಬಂದಿದೆ. ಹಿಂದಿನ ಕಾರ್ಯದರ್ಶಿಯ ಸ್ವಂತ ಹೆಸರಿನ ಖಾತೆಯಲ್ಲಿ ಸಂಘದ ಇಪ್ಪತ್ತು ವರ್ಷಗಳ ಚಿತ್ರಗಳಿದ್ದು, ಅವರು ಊರಿಗೆ ಮರಳಿದ್ದರೆ ಆ ನಿಯಮದ ಪರಿಣಾಮವೇನು? ಅವಲಂಬನೆಯ ಅಪಾಯ ದೊಡ್ಡವರನ್ನೂ ಬಿಟ್ಟಿಲ್ಲ. 2025ರ ಜುಲೈಯಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧದ ಹಿನ್ನೆಲೆಯಲ್ಲಿ ಮೈಕ್ರೋಸಾಫ್ಟ್, ಭಾರತದ ತೈಲ ಕಂಪನಿ ನಯಾರಾ ಎನರ್ಜಿಗೆ ನೀಡುತ್ತಿದ್ದ ಸೇವೆಗಳನ್ನು ತಡೆಹಿಡಿಯಿತು. ನಯಾರಾ ದೆಹಲಿ ಹೈಕೋರ್ಟಿನ ಮೊರೆಹೋದ ಮೇಲೆ ಅವು ಮರಳಿ ದೊರೆತವು. ಹಣ ಕೊಟ್ಟು ಪಡೆದ ಸೇವೆಯೂ ಎಲ್ಲೋ ದೂರದ ನಿರ್ಧಾರಕ್ಕೆ ನಿಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಹಾಗೆಂದು ಮುಕ್ತ ತಂತ್ರಾಂಶದ ಮೇಲಿನ ಸಂಶಯಗಳನ್ನು ಕಂಪನಿಗಳ ಪ್ರಚಾರವೆಂದು ತಳ್ಳಿಹಾಕಲಾಗದು. ನಿರ್ವಹಣೆ ಯಾರದು ಎಂಬುದು ಅವುಗಳಲ್ಲಿ ಮೊದಲನೆಯದು. ಲಿನಕ್ಸ್ ವ್ಯವಸ್ಥೆಗಳಲ್ಲಿ ವ್ಯಾಪಕವಾಗಿ ಬಳಕೆಯಾಗುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಮುಖ್ಯವಾಗಿ ಒಬ್ಬರೇ, ಅದೂ ದಣಿದವರು. ಅಜ್ಞಾತ ವ್ಯಕ್ತಿಯೊಬ್ಬ ಎರಡು ವರ್ಷಕ್ಕೂ ಮಿಕ್ಕಿ ನೆರವಾಗುತ್ತ ಅವರ ವಿಶ್ವಾಸ ಗಳಿಸಿ, ಅದರೊಳಗೆ ಗುಪ್ತದ್ವಾರ ಇಟ್ಟಿದ್ದು 2024ರ ಮಾರ್ಚ್‌ನಲ್ಲಿ ಬಯಲಾಯಿತು. ಪರವಾನಗಿ ಬದಲಾಗದೆಂಬ ಭರವಸೆಯೂ ಇಲ್ಲ: 2024ರಲ್ಲಿ ರೆಡಿಸ್ ಎಂಬ ದತ್ತಸಂಚಯ ತಂತ್ರಾಂಶ ತನ್ನ ಮುಕ್ತ ಪರವಾನಗಿಯನ್ನು ಬಿಗಿಗೊಳಿಸಿತು. ನಮ್ಮಲ್ಲೇ ಸಿ-ಡ್ಯಾಕ್ ಹೊರತಂದ ‘ಬಾಸ್’ ಲಿನಕ್ಸ್ ಕನ್ನಡವನ್ನೂ ಒಳಗೊಂಡಿದ್ದರೂ ಸಾಮಾನ್ಯ ಮನೆಗಳನ್ನು ತಲಪಲಿಲ್ಲ. ಉದ್ಯೋಗದ ವಾಸ್ತವವಂತೂ ಇನ್ನೂ ಕಠಿಣ. ಮಹಾರಾಷ್ಟ್ರದಲ್ಲಿ ಸರ್ಕಾರಿ ಕೆಲಸಕ್ಕೆ ಮಾನ್ಯವಾದ ಎಂಎಸ್-ಸಿಐಟಿ ತರಗತಿಗಳಲ್ಲಿ ಕಲಿಯುವುದು ಮುಖ್ಯವಾಗಿ ವಿಂಡೋಸ್ ಮತ್ತು ಮೈಕ್ರೋಸಾಫ್ಟ್ ಆಫೀಸ್. ನನ್ನ ಮಗಳಿಗೆ ಮೊದಲು ಕೆಲಸ ಸಿಗಲಿ, ಸ್ವಾತಂತ್ರ್ಯದ ವಿಚಾರ ಆಮೇಲೆ ಎಂದು ತಂದೆಯೊಬ್ಬರು ಹೇಳಿದರೆ ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ಈ ವಾದಕ್ಕೆ ಉತ್ತರ ಕಾಸರಗೋಡಿನಿಂದ ಬರುತ್ತದೆ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಕ್ರಮೇಣ ಶಾಲಾ ಕಂಪ್ಯೂಟರ್‌ಗಳನ್ನು ಮುಕ್ತ ತಂತ್ರಾಂಶಕ್ಕೆ ಒಗ್ಗಿಸಿತು; 2017ರಲ್ಲಿ ಅದು ‘ಕೈಟ್’ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದೇ ವ್ಯವಸ್ಥೆಯಲ್ಲಿ, ಕನ್ನಡದಲ್ಲೇ ಅಚ್ಚಾದ ಪಠ್ಯದೊಂದಿಗೆ ಕಂಪ್ಯೂಟರ್ ಕಲಿಯುತ್ತಾರೆ. ಅಲ್ಲಿ ಸಾಧ್ಯವಾದದ್ದು ಡೊಂಬಿವಲಿಯಲ್ಲೇಕೆ ಆಗದು ಎಂದು ಕೇಳಬಹುದು. ಆದರೆ ಅಲ್ಲಿ ಬೆನ್ನಿಗಿದ್ದುದು ಒಂದು ರಾಜ್ಯ: ಶಿಕ್ಷಕರ ತರಬೇತಿ, ಪಠ್ಯಕ್ರಮ, ದುರಸ್ತಿ ಎಲ್ಲಕ್ಕೂ ಸರ್ಕಾರದ ಹಣ ಮತ್ತು ಹಟ ಎರಡೂ ಇದ್ದವು. ದೇಣಿಗೆಯಿಂದ ನಡೆಯುವ ಒಂದು ಶಾಲೆ ಒಬ್ಬಂಟಿಯಾಗಿ ಅದನ್ನು ಮಾಡಲಾರದು. ಮುಕ್ತ ತಂತ್ರಾಂಶ ಕೆಲಸಕ್ಕೆ ಬರುತ್ತದೆ ಎಂಬುದನ್ನು ಕಾಸರಗೋಡು ಸಾಬೀತುಪಡಿಸುತ್ತದೆ. ಅದು ಅಗ್ಗವಾಗಿ ಬರುತ್ತದೆ ಎಂಬುದನ್ನಲ್ಲ.

ಎರಡು ಪಕ್ಷಗಳೂ ತಾವು ಹೇಳಿಕೊಳ್ಳುವಷ್ಟು ಬೇರೆಯಲ್ಲ ಎಂಬುದನ್ನೂ ಗಮನಿಸಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದಿಂದ. ಅದರ ಮುಖ್ಯ ಕರ್ತೃ ರೆಡ್ ಹ್ಯಾಟ್‌ನಲ್ಲೂ ಗೂಗಲ್‌ನಲ್ಲೂ ಉದ್ಯೋಗಿಯಾಗಿದ್ದವರು. ನೋಟೋ ಕನ್ನಡ ಅಕ್ಷರಶೈಲಿಗೆ ಹಣ ಹಾಕಿದ್ದು ಗೂಗಲ್, ಪರವಾನಗಿ ಮುಕ್ತ. ವಿಂಡೋಸ್‌ನ ‘ತುಂಗಾ’ ಅಕ್ಷರಗಳ ವಿನ್ಯಾಸದ ಹೊಣೆ ಹೊತ್ತ ಆರ್. ಕೆ. ಜೋಶಿಯವರು ಎನ್‌ಸಿಎಸ್‌ಟಿಯಲ್ಲೂ ಕೆಲಸ ಮಾಡಿದವರು. ಎಕ್ಸ್‌ಝಡ್‌ನ ಗುಪ್ತದ್ವಾರವನ್ನು ಹಿಡಿದವರು ಮೈಕ್ರೋಸಾಫ್ಟ್‌ನ ಎಂಜಿನಿಯರ್. ಸಂಕೇತ ತೆರೆದಿದ್ದುದರಿಂದಲೇ ಅವರು ಅದನ್ನು ಬಿಡಿಸಿ ನೋಡಲು ಸಾಧ್ಯವಾಯಿತು. ಕಂಪನಿಯ ಹಣವಿಲ್ಲದೆ ಮುಕ್ತ ತಂತ್ರಾಂಶ ಇಷ್ಟು ಬೆಳೆಯುತ್ತಿರಲಿಲ್ಲ, ಮುಕ್ತ ತಂತ್ರಾಂಶವಿಲ್ಲದೆ ಕಂಪನಿಗಳೂ ಬೆಳೆಯುತ್ತಿರಲಿಲ್ಲ.

ಕನ್ನಡಿಗರಿಗೆ ಈ ವಿಷಯದಲ್ಲಿ ತಮ್ಮದೇ ಒಂದು ಅನುಭವವಿದೆ. ಅದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಏಕೆಂದರೆ ಅದರ ತೊಡಕಿಗೆ ಹೊರಗಿನ ದೈತ್ಯ ಕಂಪನಿ ಯಾವುದೂ ಕಾರಣವಲ್ಲ. ಎಲ್ಲ ಲಿಪಿಗಳಿಗೂ ಏಕರೂಪದ ಸಂಕೇತ ನೀಡುವ ಯುನಿಕೋಡ್ ಬಳಕೆಗೆ ಬರುವ ಮುನ್ನ ಕಂಪ್ಯೂಟರಿನಲ್ಲಿ ಕನ್ನಡದ ಮುದ್ರಣ ಬಹುಪಾಲು ನುಡಿ, ಬರಹ, ಶ್ರೀಲಿಪಿ, ಆಕೃತಿಯಂತಹ ತಂತ್ರಾಂಶಗಳಲ್ಲಿ ನಡೆಯಿತು. ಪುಟ ವಿನ್ಯಾಸದ ಅನುಕೂಲಕ್ಕೆ ಹಲವು ಮುದ್ರಣಾಲಯಗಳಲ್ಲಿ ಈಗಲೂ ನಡೆಯುತ್ತಿದೆ. ಆ ತಂತ್ರಾಂಶಗಳ ಆಸ್ಕಿ ಪದ್ಧತಿಯಲ್ಲಿ ಕಂಪ್ಯೂಟರ್ ಕಾಪಾಡುವುದು ಕನ್ನಡದ ಅಕ್ಷರವನ್ನಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿದ ಕನ್ನಡದ ಚಿತ್ರವನ್ನು. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರ್‌ನಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಅದರಲ್ಲಿ ಒಂದು ಹೆಸರನ್ನು ಹುಡುಕಲೂ ಆಗದು. ‘ನುಡಿ’ಯನ್ನು ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ಉಚಿತವಾಗಿ ಹಂಚಿತು, ಅದರಿಂದ ಆದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಉಚಿತವಾದದ್ದೆಲ್ಲ ಮುಕ್ತವಲ್ಲ, ನಮ್ಮವರದೆಲ್ಲ ನಮ್ಮ ವಶದಲ್ಲಿರುವುದೂ ಅಲ್ಲ ಎಂಬುದು ಅಲ್ಲಿ ತಿಳಿಯಿತು. ಬಿಡುಗಡೆಯ ದಾರಿಯನ್ನು ಮಾಡಿಕೊಟ್ಟವರು ಇಬ್ಬರು. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೊದಲಾದವು ಸದಸ್ಯರಾಗಿರುವ ಯುನಿಕೋಡ್ ಒಕ್ಕೂಟ ಒಂದು ಕಡೆ. ಹಳೆಯ ಕಡತಗಳನ್ನು ಯುನಿಕೋಡ್‌ಗೆ ತಿರುಗಿಸುವ ಮುಕ್ತ ಪರಿವರ್ತಕಗಳನ್ನು ಸಂಬಳವಿಲ್ಲದೆ ಬರೆದ ಕನ್ನಡದ ಸ್ವಯಂಸೇವಕರು ಇನ್ನೊಂದು ಕಡೆ. 2016ರಲ್ಲೇ ತುಳು ವಿಕಿಪೀಡಿಯವನ್ನು ನಿಜವಾಗಿಸಿದ್ದೂ ಇಂಥ ಸ್ವಯಂಸೇವಕರೇ, ಗೂಗಲ್ ತುಳುವಿನತ್ತ ನೋಡುವುದಕ್ಕೆ ಎಂಟು ವರ್ಷ ಮೊದಲು.

ಇವೆಲ್ಲವನ್ನೂ ತೂಗಿದಾಗ ನನ್ನ ಒಲವು, ಎಚ್ಚರದಿಂದಲೇ, ಒಂದು ನಡುದಾರಿಯ ಕಡೆಗೆ. ಹಂಚಲು ಕಂಪನಿಗಳ ಸೇವೆಯನ್ನು ಸಂಕೋಚವಿಲ್ಲದೆ ಬಳಸಬಹುದು. ಬೀಜದ ಕಾಳನ್ನು ಮಾತ್ರ ಬೇರೆಯವರ ಕಣಜದಲ್ಲಿ ಇಡಬಾರದು. ಅಂದರೆ ಮೂಲ ಪಠ್ಯ ಯುನಿಕೋಡ್‌ನಲ್ಲಿ, ಯಾವ ತಂತ್ರಾಂಶದಿಂದಲೂ ತೆರೆಯಬಲ್ಲ ಮುಕ್ತ ಮಾದರಿಯಲ್ಲಿ ಇರಬೇಕು. ಅದರ ಒಂದು ಪ್ರತಿ ಸಂಘದ ಸ್ವಂತ ಡಿಸ್ಕ್‌ನಲ್ಲಿರಬೇಕು. ಖಾತೆಗಳು ವ್ಯಕ್ತಿಯ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿದ್ದು, ಪದಾಧಿಕಾರಿಗಳು ಬದಲಾದಾಗ ಲೆಕ್ಕಪತ್ರದೊಂದಿಗೆ ಹಸ್ತಾಂತರವಾಗಬೇಕು. ಶಾಲೆಗಳಿಗೆ ಪೂರ್ಣ ಬದಲಾವಣೆಯನ್ನು ನಾನು ಸೂಚಿಸಲಾರೆ. ವಿಂಡೋಸ್ ಕಲಿಯುವ ಮಗುವಿಗೆ ವಾರಕ್ಕೊಂದು ಅವಧಿ ಲಿನಕ್ಸ್ ಮತ್ತು ಲಿಬ್ರೆಆಫೀಸ್ ತೋರಿಸಿದರೆ ಆರಂಭಕ್ಕೆ ಸಾಕು. ಬಳಸುವ ಮುಕ್ತ ತಂತ್ರಾಂಶಕ್ಕೆ ವರ್ಷಕ್ಕೊಮ್ಮೆ ಸಣ್ಣ ದೇಣಿಗೆ ಕೊಡುವುದನ್ನೂ ಬಜೆಟ್‌ನಲ್ಲಿ ಸೇರಿಸಬಹುದು.

ಇದರಲ್ಲಿ ತುರ್ತಾದದ್ದು ಹಳೆಯ ಸ್ಮರಣ ಸಂಚಿಕೆಗಳ ಪರಿವರ್ತನೆ. ಪರಿವರ್ತಕ ಕ್ಷಣದಲ್ಲಿ ಪುಟಗಳನ್ನು ತಿರುಗಿಸುತ್ತದೆ, ಆದರೆ ಅರ್ಕಾವತ್ತು, ಒತ್ತು, ದೀರ್ಘಗಳಲ್ಲಿ ಎಡವುತ್ತದೆ. ಅದನ್ನು ಸಾಲು ಸಾಲಾಗಿ ತಿದ್ದಲು ಕನ್ನಡ ಚೆನ್ನಾಗಿ ಬಲ್ಲ ಕಣ್ಣು ಬೇಕು. ಆ ಲೇಖನಗಳಲ್ಲಿ ಬರುವ ಹೋಟೆಲು, ರಾತ್ರಿಶಾಲೆ, ಭಜನಾ ಮಂಡಳಿಗಳ ಹೆಸರನ್ನು ಗುರುತಿಸಬಲ್ಲ ನೆನಪೂ ಬೇಕು. ಡೊಂಬಿವಲಿ, ಕಲ್ಯಾಣಗಳಲ್ಲಿ ಅಂಥವರು ಹೆಚ್ಚಾಗಿ ನಿವೃತ್ತರು. ಅವರ ಮೊಮ್ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದುವವರು ಕಡಿಮೆ. ಮೊಮ್ಮಗ ಪರಿವರ್ತಕವನ್ನು ನಡೆಸಿ, ಅಜ್ಜ ಕರಡು ತಿದ್ದುವ ಈ ಕೆಲಸವನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲೇ ಕೈಗೆತ್ತಿಕೊಳ್ಳಬಹುದು. ಅದಕ್ಕೆ ಯಾವ ಕಂಪನಿಯ ಅನುಮತಿಯೂ ಬೇಕಾಗಿಲ್ಲ.