ಔಷಧವೂ ಅದರ ವಾಹನವೂ

ಸೋರಿಯಾಸಿಸ್ ಎಂಬ ಚರ್ಮವ್ಯಾಧಿಯ ವಿಷಯವಾಗಿ ಈ ತಿಂಗಳು ವಾಚಕರಲ್ಲಿ ಕೆಲವು ಮಾತುಗಳನ್ನು ಅರಿಕೆಮಾಡುತ್ತೇವೆ. ಮೊಣಕೈ, ಮೊಣಕಾಲು, ನೆತ್ತಿಗಳಲ್ಲಿ ಕೆಂಪು ಮಚ್ಚೆಗಳೆದ್ದು, ಅವುಗಳ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು ಕಟ್ಟುವುದು ಇದರ ಲಕ್ಷಣ. ಇದು ಅಂಟುರೋಗವಲ್ಲ. ರೋಗಿಗೆ ಬೇರೆ ಚಾಪೆ, ಬೇರೆ ಚೆಂಬು ಇಡುವ ಮನೆಯವರು ಇದನ್ನು ಮೊದಲು ತಿಳಿಯತಕ್ಕದ್ದು. ಆರೋಗ್ಯವಂತರ ಮೇಲ್ಚರ್ಮವು ಹುಟ್ಟಿ ಉದುರಲು ಸುಮಾರು ಒಂದು ತಿಂಗಳು ಹಿಡಿದರೆ, ಈ ಮಚ್ಚೆಗಳಲ್ಲಿ ಕೆಲವೇ ದಿನಗಳಲ್ಲಿ ಆ ಕಾರ್ಯವು ಮುಗಿಯುತ್ತದೆ. ಬಲಿಯದ ಪದರಗಳು ಒಂದರ ಮೇಲೊಂದು ಕವಿದುಕೊಳ್ಳುತ್ತವೆ. ಹಚ್ಚುವ ಮದ್ದು ಈ ಹೊಟ್ಟಿನ ಗೋಡೆಯನ್ನು ದಾಟಿಯೇ ಒಳಹೊಗಬೇಕು.

ಆದುದರಿಂದ ಮದ್ದು ಯಾವುದೆಂಬುದರಷ್ಟೇ, ಅದನ್ನು ಯಾವುದರಲ್ಲಿ ಕಲಸುವುದೆಂಬುದೂ ಮುಖ್ಯ. ಗೋವೆಯ ಪುಡಿಯ ಚರಿತ್ರೆಯು ಇದಕ್ಕೊಂದು ನಿದರ್ಶನ. ಬ್ರೆಜಿಲ್ ದೇಶದ ಅರರೋಬ ಮರದ ಕಾಂಡದೊಳಗೆ ಕೂಡುವ ಈ ಹಳದಿ ಪುಡಿಯು ಪೋರ್ಚುಗೀಸರ ಮೂಲಕ ಗೋವೆಗೆ ಬಂದು, ಹುಳುಕಡ್ಡಿಯ ಮದ್ದೆಂದು ಮಾರಾಟವಾಗುತ್ತಿತ್ತು. ತವರು ಬ್ರೆಜಿಲಾದರೂ ಹೆಸರು ಬಂದುದು ಗೋವೆಗೆ! 1870ರ ದಶಕದಲ್ಲಿ ಲಂಡನಿನ ವೈದ್ಯರಾದ ಬಾಲ್ಮನ್ನೊ ಸ್ಕ್ವೈರ್ ಇದನ್ನು ಸೋರಿಯಾಸಿಸಿನ ಚಿಕಿತ್ಸೆಗೆ ತಂದರು. ಮೊದಲನೆಯ ಮಹಾಯುದ್ಧದಲ್ಲಿ ಬ್ರೆಜಿಲಿನ ಸರಕು ಜರ್ಮನಿಗೆ ದೊರೆಯದಂತಾಗಲು, 1916ರಲ್ಲಿ ಅಲ್ಲಿಯ ರಸಾಯನಶಾಸ್ತ್ರಜ್ಞರ ಕೈಯಿಂದ ಡಿಥ್ರನಾಲ್ ಎಂಬ ಕೃತಕ ಬದಲಿಯು ಬಳಕೆಗೆ ಬಂದಿತು.

ಮದ್ದು ಬಲವಾದದ್ದು, ಸ್ವಭಾವ ಮಾತ್ರ ಒರಟು. ನೆರೆಯ ಒಳ್ಳೆಯ ಚರ್ಮಕ್ಕೆ ಹರಿದರೆ ಸುಡುತ್ತದೆ. ಸೀರೆ, ಪಂಚೆ, ಬಚ್ಚಲುಕಲ್ಲು ಯಾವುದನ್ನೂ ಬಿಡದೆ ಕಲೆಮಾಡುತ್ತದೆ. ಗಾಳಿ ಸೋಕಿದರೆ ತಾನೇ ಕೆಡುತ್ತದೆ. ಲೀಡ್ಸ್ ನಗರದ ವೈದ್ಯರಾದ ಇನ್‌ಗ್ರಾಮ್ 1953ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಇದನ್ನು ಸತುವಿನ ಆಕ್ಸೈಡು, ಪಿಷ್ಟ, ಸ್ಯಾಲಿಸಿಲಿಕ್ ಆಮ್ಲ ಸೇರಿದ ಗಟ್ಟಿ ಲೇಪದಲ್ಲಿ ಕಲಸುತ್ತಿದ್ದರು. ಲೇಪವು ಹಚ್ಚಿದಲ್ಲಿಯೇ ನಿಲ್ಲುತ್ತಿತ್ತು. ಆಮ್ಲವು ಹೊಟ್ಟನ್ನು ಸಡಿಲಿಸುವುದಲ್ಲದೆ ಮದ್ದನ್ನೂ ಕೆಡದಂತೆ ಕಾಯುತ್ತಿತ್ತು. ಅದಕ್ಕಿಂತಲೂ ಚಮತ್ಕಾರವಾದುದು ಮುಂದೆ ಬಂದ ಉಪಾಯ. ಕೊಬ್ಬಿನ ಜಾತಿಯ ಸೂಕ್ಷ್ಮ ಹರಳುಗಳಲ್ಲಿ ಮದ್ದನ್ನು ಅಡಗಿಸಿಟ್ಟರು. ಬಿಸಿ ಅನ್ನದ ಮೇಲೆ ತುಪ್ಪ ಕರಗುವಂತೆ, ಮೈಯ ಕಾವಿಗೆ ಹರಳು ಕರಗಿ ಮದ್ದು ಹೊರಬರುತ್ತಿತ್ತು. ತೊಳೆಯುವುದು ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ, ಸಾಬೂನಿಲ್ಲದೆ. ಸುಡುನೀರು ಹೊಯ್ದರೆ ಉಳಿದ ಹರಳೂ ಕರಗಿ ಪುನಃ ಕಲೆಯೇ ಗತಿ.

ಈಗ ಹೆಚ್ಚು ಬಳಕೆಯಲ್ಲಿರುವುವು ಸ್ಟಿರಾಯ್ಡ್ ಮತ್ತು 'ಡಿ' ಜೀವಸತ್ವದ ಜಾತಿಯ ಲೇಪಗಳು. ಒಣಗಿದ ದಪ್ಪ ಮಚ್ಚೆಗೆ ಜಿಡ್ಡಿನ ಮುಲಾಮು ಚೆನ್ನಾಗಿ ಇಳಿಯುತ್ತದೆ. ನೆತ್ತಿಗೆ ದ್ರವವೋ ನೊರೆಯೋ ಅನುಕೂಲ. ಮುಖ, ಕಂಕುಳುಗಳ ತೆಳುಚರ್ಮದಲ್ಲಿ ಮದ್ದು ಬೇಗ ಒಳಸೇರುವುದರಿಂದ, ಮೊಣಕೈಗೆ ಕೊಟ್ಟ ಬಲವಾದ ಸ್ಟಿರಾಯ್ಡನ್ನು ಅಲ್ಲಿ ಹಚ್ಚಿದರೆ ಚರ್ಮವು ಸವೆದುಹೋಗುವುದುಂಟು. ಅಕ್ಕಪಕ್ಕದವರ ಮಾತು ಕೇಳಿ ಅಂಗಡಿಯಿಂದ ಟ್ಯೂಬು ತರುವವರು ಇದನ್ನು ಗಮನಿಸಬೇಕೆಂದು ಕೋರುತ್ತೇವೆ. ಬಹುಕಾಲ ಹಚ್ಚಿದ ಬಲವಾದ ಸ್ಟಿರಾಯ್ಡನ್ನು ಒಮ್ಮೆಗೇ ನಿಲ್ಲಿಸಿದರೆ ರೋಗವು ಕೆರಳಬಹುದು. ವೈದ್ಯರನ್ನು ಕೇಳಿ ಕ್ರಮವಾಗಿ ತಗ್ಗಿಸತಕ್ಕದ್ದು. ಇನ್ನು ಅಳತೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ತೂಗುತ್ತದೆ, ಎರಡು ಅಂಗೈಗಳಷ್ಟು ಜಾಗಕ್ಕೆ ಅಷ್ಟು ಸಾಕು.