ಹಳೆಯ ಸಿಂಥೆಸೈಜರುಗಳನ್ನು ಸಾಕುವುದು ತರವೇ?

ಪ್ರಯೋಗಶಾಲೆಯ ಉಪಕರಣಕ್ಕೂ ಸಂಗೀತದ ವಾದ್ಯಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಹೊಸ ಉಪಕರಣ ಬಂದೊಡನೆ ಹಳೆಯದು ಮೂಲೆ ಸೇರುತ್ತದೆ. ಅದಕ್ಕಾಗಿ ಯಾರೂ ಮರುಗುವುದಿಲ್ಲ. ವಾದ್ಯದ ವಿಷಯ ಹಾಗಲ್ಲ. ಅಜ್ಜಿ ನುಡಿಸಿದ ವೀಣೆಯನ್ನು ಮೊಮ್ಮಗಳೂ ನುಡಿಸಬಹುದು. ಹಳತಾದಂತೆ ಅದರ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ವಿದ್ಯುತ್ತಿನಿಂದ ನುಡಿಯುವ ಸಿಂಥೆಸೈಜರು ಮಾತ್ರ ಈ ಎರಡು ಪಂಗಡಗಳ ನಡುವೆ ನಿಂತಿದೆ. ಅದು ಉಪಕರಣವೂ ಹೌದು, ವಾದ್ಯವೂ ಹೌದು. 1970ರ ದಶಕದಲ್ಲಿ ತಯಾರಾದ ಅನಲಾಗ್ ಸಿಂಥೆಸೈಜರುಗಳನ್ನು ಭಾರಿ ಬೆಲೆ ತೆತ್ತು ಕೊಳ್ಳುವವರು ಇಂದು ಅನೇಕರಿದ್ದಾರೆ. ಕೊಂಡ ಕೆಲವೇ ದಿನಗಳಲ್ಲಿ ಅವರ ದೂರುಗಳೂ ಮೊದಲಾಗುತ್ತವೆ: ಶ್ರುತಿ ನಿಲ್ಲುವುದಿಲ್ಲ, ಗುಂಡಿ ತಿರುಗಿಸಿದರೆ ಕರಕರ ಸದ್ದು, ಕೆಟ್ಟ ಭಾಗಕ್ಕೆ ಬದಲಿ ಭಾಗ ದೊರೆಯುವುದಿಲ್ಲ. ಇಂತಹ ಯಂತ್ರಗಳನ್ನು ಸಾಕುವುದು ವಿವೇಕವೇ, ಅಥವಾ ಬರಿಯ ಮೋಹವೇ? ನುಡಿಸುವವರಿಗೂ ದುರಸ್ತಿಗೆ ಸಿದ್ಧರಿರುವವರಿಗೂ ಅದು ವಿವೇಕ, ಕೊಂಡು ಕಪಾಟಿನಲ್ಲಿಡುವವರಿಗೆ ಅದು ಮೋಹ ಎಂಬುದು ನಮ್ಮ ಅಭಿಪ್ರಾಯ. ಹೀಗೆನ್ನಲು ಕಾರಣವನ್ನು ಭೌತವಿಜ್ಞಾನವೇ ಒದಗಿಸುತ್ತದೆ.

ಮೊದಲು ಈ ವಾದ್ಯದ ಸ್ವರೂಪವನ್ನು ತಿಳಿಯೋಣ. ಪಿಟೀಲಿನಲ್ಲಿ ತಂತಿ ಕಂಪಿಸುತ್ತದೆ; ಕೊಳಲಿನಲ್ಲಿ ಗಾಳಿ ಕಂಪಿಸುತ್ತದೆ. ಅನಲಾಗ್ ಸಿಂಥೆಸೈಜರಿನಲ್ಲಿ ಕಂಪಿಸುವುದು ವಿದ್ಯುತ್ತು. ಆಂದೋಲಕವೆಂಬ ಭಾಗವು ಕ್ರಮವಾಗಿ ಏರಿಳಿಯುವ ವೋಲ್ಟೇಜನ್ನು ಹುಟ್ಟಿಸುತ್ತದೆ. ಶೋಧಕವು ಅದರಿಂದ ಬೇಡವಾದ ಮೇಲ್ಸ್ವರಗಳನ್ನು ಕಳೆಯುತ್ತದೆ. ವರ್ಧಕವು ನಾದವನ್ನು ಏರಿಸಿ ಇಳಿಸಿ ಅದಕ್ಕೊಂದು ಆಕಾರ ಕೊಡುತ್ತದೆ. ಇಲ್ಲಿ ಸಂಖ್ಯೆಗಳ ಎಣಿಕೆಯಿಲ್ಲ. ವೋಲ್ಟೇಜಿನ ಏರಿಳಿತವೇ ಧ್ವನಿಯ ಏರಿಳಿತದ ಪ್ರತಿರೂಪ. ಅನಲಾಗ್ ಎಂಬ ಮಾತಿನ ಅರ್ಥವೂ ಇದೇ. ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ, ಸಂಗೀತಗಾರ ಹರ್ಬರ್ಟ್ ಡಾಯ್ಚ್ ಅವರ ಸಹಕಾರದಿಂದ, ಇಂತಹ ಭಾಗಗಳನ್ನು ವೋಲ್ಟೇಜಿನಿಂದಲೇ ನಿಯಂತ್ರಿಸುವ ವಾದ್ಯವನ್ನು ನಿರ್ಮಿಸಿದರು. 1968ರಲ್ಲಿ ವೆಂಡಿ ಕಾರ್ಲೋಸ್ ಮೋಗ್ ಯಂತ್ರದ ಮೇಲೆ ಬಾಕ್‌ನ ಕೃತಿಗಳನ್ನು ನುಡಿಸಿ ಹೊರತಂದ ಧ್ವನಿಮುದ್ರಿಕೆಯು ಈ ವಾದ್ಯವನ್ನು ಲೋಕಪ್ರಸಿದ್ಧವಾಗಿ ಮಾಡಿತು. 1970ರಲ್ಲಿ, ಹೊತ್ತು ಒಯ್ಯಬಹುದಾದಷ್ಟು ಚಿಕ್ಕದಾದ ಮಿನಿಮೋಗ್ ಬಂದಿತು.

ಈ ವಾದ್ಯದ ಸುಖಕ್ಕೂ ಕಾಟಕ್ಕೂ ಮೂಲ ಒಂದೇ. ಅದು ಟ್ರಾನ್ಸಿಸ್ಟರಿನ ಒಂದು ಗುಣ. ನಮ್ಮ ಕಿವಿ ಸ್ವರಗಳ ಅಂತರವನ್ನು ಕೂಡುವ ಲೆಕ್ಕದಲ್ಲಿ ಗ್ರಹಿಸುವುದಿಲ್ಲ. ಗುಣಿಸುವ ಲೆಕ್ಕದಲ್ಲಿ ಗ್ರಹಿಸುತ್ತದೆ. ಮಂದ್ರ ಸ್ಥಾಯಿಯ ಷಡ್ಜ ಸೆಕೆಂಡಿಗೆ 120 ಕಂಪನಗಳಾದರೆ ಮಧ್ಯ ಸ್ಥಾಯಿಯದು 240, ತಾರ ಸ್ಥಾಯಿಯದು 480. ಆದುದರಿಂದ ಮೋಗ್ ಅವರು ಒಂದು ವೋಲ್ಟ್ ಹೆಚ್ಚಿದರೆ ಒಂದು ಸ್ಥಾಯಿ ಏರಬೇಕು, ಎಂದರೆ ಕಂಪನಸಂಖ್ಯೆ ಇಮ್ಮಡಿಯಾಗಬೇಕು, ಎಂಬ ನಿಯಮವನ್ನು ಅನುಸರಿಸಿದರು. ಕೂಡುವುದನ್ನು ಗುಣಿಸುವುದಾಗಿ ಮಾರ್ಪಡಿಸುವ ಈ ಕೆಲಸವನ್ನು ಟ್ರಾನ್ಸಿಸ್ಟರು ಸಹಜವಾಗಿಯೇ ಮಾಡುತ್ತದೆ. ಸಾಧಾರಣ ಉಷ್ಣತೆಯಲ್ಲಿ, ಅದರ ಬೇಸ್ ಮತ್ತು ಎಮಿಟರುಗಳ ನಡುವಣ ವೋಲ್ಟೇಜು ಸುಮಾರು 18 ಮಿಲಿವೋಲ್ಟ್ ಹೆಚ್ಚಿದಾಗಲೆಲ್ಲ ಅದರ ಪ್ರವಾಹ ಇಮ್ಮಡಿಯಾಗುತ್ತದೆ. ಕೀಲಿಮಣೆಯ ಒಂದು ವೋಲ್ಟನ್ನು 18 ಮಿಲಿವೋಲ್ಟಿಗೆ ತಗ್ಗಿಸಿ ಟ್ರಾನ್ಸಿಸ್ಟರಿಗೆ ಕೊಟ್ಟರೆ ಆಯಿತು.

ತೊಡಕು ಹುಟ್ಟುವುದೂ ಇಲ್ಲಿಯೇ. ಆ 18 ಮಿಲಿವೋಲ್ಟ್ ಸ್ಥಿರವಾದುದಲ್ಲ. ಅದು ನಿರಪೇಕ್ಷ ಉಷ್ಣತೆಗೆ ಅನುಗುಣವಾಗಿ ಏರುತ್ತದೆ. ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಲಿ. ಕೋಣೆಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ನಿಂದ 35 ಡಿಗ್ರಿಗೆ ಏರಿದರೆ, ನಿರಪೇಕ್ಷ ಮಾನದಲ್ಲಿ ಅದು 298ರಿಂದ 308ಕ್ಕೆ ಏರಿದಂತೆ. ಹೆಚ್ಚಳ ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚು. ಒಂದು ಸ್ಥಾಯಿಯಲ್ಲಿ 12 ಅರ್ಧಸ್ವರಗಳು. ಮೂರು ಸ್ಥಾಯಿ ನುಡಿಸುವಷ್ಟರಲ್ಲಿ ತಪ್ಪು ಒಂದು ಅರ್ಧಸ್ವರವನ್ನು ಮೀರುತ್ತದೆ. ಇದು ಸಾಲದೆಂಬಂತೆ, ಅದೇ ಪ್ರವಾಹ ಹರಿಯಲು ಬೇಕಾದ ವೋಲ್ಟೇಜು ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಂತೆ ಇಳಿಯುತ್ತದೆ; ತಡೆಯದೆ ಬಿಟ್ಟರೆ 9 ಡಿಗ್ರಿಯ ಬದಲಾವಣೆಗೆ ಶ್ರುತಿ ಒಂದು ಸ್ಥಾಯಿಯಷ್ಟು ಜಾರೀತು!

ಇಂಜಿನಿಯರುಗಳು ಇದಕ್ಕೆ ಮದ್ದು ಕಂಡುಕೊಳ್ಳದೆ ಇರಲಿಲ್ಲ. ಒಂದನ್ನೊಂದು ಹೋಲುವ ಎರಡು ಟ್ರಾನ್ಸಿಸ್ಟರುಗಳನ್ನು ಜೋಡಿಸಿ ಒಂದರ ದೋಷದಿಂದ ಮತ್ತೊಂದರ ದೋಷವನ್ನು ಕಳೆದರು. ಉಷ್ಣತೆಯೊಡನೆ ತಕ್ಕ ಪ್ರಮಾಣದಲ್ಲಿ ರೋಧ ಏರುವ ವಿಶೇಷ ರೋಧಕಗಳನ್ನು ಬಳಸಿದರು. ಕೆಲವು ವಾದ್ಯಗಳಲ್ಲಿ ಟ್ರಾನ್ಸಿಸ್ಟರು ಜೋಡಿಯನ್ನು ಸದಾ ಒಂದೇ ಕಾವಿನಲ್ಲಿ ಇಟ್ಟಿರುವ ಚಿಪ್ಪನ್ನೇ ಅಳವಡಿಸಿದರು. 1978ರಲ್ಲಿ ಡೇವ್ ಸ್ಮಿತ್ ಅವರ ಸೀಕ್ವೆನ್ಷಿಯಲ್ ಸರ್ಕ್ಯುಟ್ಸ್ ಹೊರತಂದ ಪ್ರಾಫೆಟ್-5 ವಾದ್ಯದಲ್ಲಿ, ಒಂದು ಗುಂಡಿಯನ್ನು ಒತ್ತಿದರೆ ಮೈಕ್ರೊಪ್ರೊಸೆಸರು ಹತ್ತು ಆಂದೋಲಕಗಳನ್ನೂ ಅಳೆದು ಶ್ರುತಿ ಸರಿಮಾಡುತ್ತಿತ್ತು. ಆದರೂ ಕಾಟ ತಗ್ಗಿತೇ ಹೊರತು ತೊಲಗಲಿಲ್ಲ. ಹಳೆಯ ಮಿನಿಮೋಗನ್ನು ಹೊತ್ತಿಸಿ, ಅದು ಕಾದು ಸ್ಥಿಮಿತಕ್ಕೆ ಬರುವ ತನಕ ಕಾಯುವುದು ಇಂದಿಗೂ ಅದರ ಒಡೆಯರ ನಿತ್ಯಕರ್ಮ.

ಇನ್ನು ಸುಖದ ಮಾತು. ಎರಡು ಆಂದೋಲಕಗಳನ್ನು ಒಂದೇ ಸ್ವರಕ್ಕೆ ಕೂಡಿಸಿದರೆ ಅವು ಕೂದಲೆಳೆಯಷ್ಟು ಬೇರೆಯಾಗಿಯೇ ಉಳಿಯುತ್ತವೆ. ಒಂದು 440, ಮತ್ತೊಂದು 441 ಕಂಪನಗಳಾದರೆ ಸೆಕೆಂಡಿಗೆ ಒಂದು ಸಲ ನಾದ ಉಬ್ಬಿ ತಗ್ಗುತ್ತದೆ. ಈ ಅಂತರವೂ ಕ್ಷಣಕ್ಷಣಕ್ಕೆ ತುಸು ತುಸುವೇ ಬದಲಾಗುವುದರಿಂದ ನಾದಕ್ಕೆ ಉಸಿರಾಟದಂತಹ ಒಂದು ಚಲನೆ ಒದಗುತ್ತದೆ. 1969ರಲ್ಲಿ ಮೋಗ್ ಅವರಿಗೆ ಪೇಟೆಂಟು ದೊರೆತ ಶೋಧಕವನ್ನು ನೋಡಿ. ಅದರಲ್ಲಿ ಟ್ರಾನ್ಸಿಸ್ಟರು ಜೋಡಿಗಳು ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಕುಳಿತಿವೆ. ಪ್ರವಾಹ ಹೆಚ್ಚಿಸಿದರೆ ನಾದ ತೆರೆದುಕೊಳ್ಳುತ್ತದೆ, ತಗ್ಗಿಸಿದರೆ ಮುಚ್ಚಿಕೊಳ್ಳುತ್ತದೆ. ಸಂಕೇತ ಬಲವಾದಾಗ ಆ ಟ್ರಾನ್ಸಿಸ್ಟರುಗಳು ಅದರ ಶಿಖರಗಳನ್ನು ಮೆಲ್ಲಗೆ ದುಂಡಗೆ ಮಾಡುತ್ತವೆ. ಜನ ಮೆಚ್ಚಿದ ಆ ತುಂಬುನಾದಕ್ಕೆ ಇದೂ ಒಂದು ಕಾರಣ. ಶ್ರುತಿಯನ್ನು ಕೆಡಿಸುವ ನಿಯಮವೇ ಇಲ್ಲಿ ನಾದವನ್ನು ಸಿಂಗರಿಸುತ್ತದೆ! ಒಂದನ್ನು ಬಯಸಿ ಮತ್ತೊಂದನ್ನು ಒಲ್ಲೆವೆಂದರೆ ಆದೀತೇ?

ವಾಸ್ತವವಾಗಿ ಇದು ನಮ್ಮ ವಾದ್ಯಗಳ ಪರಿಚಯವಿರುವವರಿಗೆ ಹೊಸದಲ್ಲ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುತ್ತವೆ. ಕಾಲಕಾಲಕ್ಕೆ ಕುಶಲಿಗಳಿಂದ ಮೇಳ ಕಟ್ಟಿಸಬೇಕು. ತಂಬೂರಿಯನ್ನು ಕಚೇರಿಗೆ ಮುನ್ನ ಶ್ರುತಿ ಮಾಡಬೇಕು, ಕಚೇರಿಯ ನಡುವೆಯೂ ಸರಿಪಡಿಸಬೇಕು. ಇದನ್ನು ಯಾರೂ ವಾದ್ಯದ ದೋಷವೆಂದು ಎಣಿಸುವುದಿಲ್ಲ. ವಾದಕರ ಕರ್ತವ್ಯವೆಂದು ತಿಳಿಯುತ್ತಾರೆ. ಸಿಂಥೆಸೈಜರಿನ ಒಡೆಯರಿಗೂ ಇದೇ ಮನೋಭಾವ ಬೇಕು.

ಶ್ರುತಿಯ ಕಾಟ ಹುಟ್ಟಿನಿಂದ ಬಂದುದು. ವಯಸ್ಸಿನಿಂದ ಬರುವ ಕಾಟಗಳು ಬೇರೆ. ವಿದ್ಯುತ್ ಪೂರೈಕೆಯ ಭಾಗದಲ್ಲಿರುವ ಎಲೆಕ್ಟ್ರೊಲಿಟಿಕ್ ಧಾರಕಗಳು ದಶಕಗಳು ಕಳೆದಂತೆ ಒಳಗೆ ಒಣಗುತ್ತವೆ. ಆಗ ನಾದದ ಹಿಂದೆ ಗುಂಯ್ ಎಂಬ ಸದ್ದು ಸೇರುತ್ತದೆ. ಕೀಲಿಗಳ ಕೆಳಗಿನ ಲೋಹದ ಸ್ಪರ್ಶತಂತಿಗಳ ಮೇಲೆ ಕಿಲುಬು ಕೂಡುತ್ತದೆ. ಜಪಾನಿನ ಕೋರ್ಗ್ ಸಂಸ್ಥೆ 1981ರಲ್ಲಿ ಹೊರತಂದ ಪಾಲಿಸಿಕ್ಸ್ ವಾದ್ಯದಲ್ಲಿ, ನೆನಪಿನ ಚಿಪ್ಪುಗಳಿಗಾಗಿ ಒಂದು ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಯನ್ನು ಹಲಗೆಯ ಮೇಲೆಯೇ ಬೆಸೆದಿದ್ದರು. ಆ ಬ್ಯಾಟರಿ ಮುದಿಯಾದಾಗ ಸೋರಿದ ಕ್ಷಾರ, ಸುತ್ತಲ ತಾಮ್ರದ ಗೆರೆಗಳನ್ನು ತಿಂದು ಹಾಕುತ್ತದೆ. 1984ರ ರೋಲೆಂಡ್ ಜೂನೊ-106 ವಾದ್ಯದ ಸ್ವರ ಚಿಪ್ಪುಗಳಿಗೆ ಕಪ್ಪು ರಾಳದ ಲೇಪವಿದೆ. ಅವು ಒಂದೊಂದಾಗಿ ಮೌನವಾಗುತ್ತವೆ. ಲೇಪವನ್ನು ಅಸಿಟೋನಿನಲ್ಲಿ ನೆನೆಸಿ ತೆಗೆದರೆ ಅನೇಕ ವೇಳೆ ಮತ್ತೆ ನುಡಿಯುತ್ತವೆ. ನಮ್ಮ ದೇಶದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ಜಪಾನಿನ ಮನೆಬಳಕೆಯ ವಿದ್ಯುತ್ತು 100 ವೋಲ್ಟ್, ಅಮೆರಿಕದ್ದು 120 ವೋಲ್ಟ್. ಅಲ್ಲಿಂದ ತಂದ ಯಂತ್ರವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಕ್ಷಣದಲ್ಲಿ ಸುಟ್ಟೀತು.

ಈ ಕಾಟಗಳಲ್ಲಿ ಹಲವು, ಯಂತ್ರ ಸುಮ್ಮನೆ ಬಿದ್ದಿದ್ದಾಗಲೇ ಬಲಿಯುತ್ತವೆ ಎಂಬುದನ್ನು ಗಮನಿಸಬೇಕು. ಬ್ಯಾಟರಿ ಸೋರುವುದು ಯಾರೂ ನೋಡದ ಕಪಾಟಿನಲ್ಲಿ. ಕಿಲುಬು ಕೂಡುವುದು ಯಾರೂ ಒತ್ತದ ಕೀಲಿಯಲ್ಲಿ. ಎಲೆಕ್ಟ್ರೊಲಿಟಿಕ್ ಧಾರಕದ ಒಳಗಿನ ಆಕ್ಸೈಡ್ ಪೊರೆ ಗಟ್ಟಿಯಾಗಿರಬೇಕಾದರೆ ಆಗಾಗ ಅದಕ್ಕೆ ವೋಲ್ಟೇಜು ಬೀಳಬೇಕು. ಆದುದರಿಂದ ಹಳೆಯ ಸಿಂಥೆಸೈಜರನ್ನು ನಿಧಿಯಂತೆ ಬಚ್ಚಿಟ್ಟು, ಬೆಲೆ ಏರಲೆಂದು ಕಾಯುವವರು ಅದನ್ನು ಕಾಪಾಡುತ್ತಿಲ್ಲ, ಕೊಲ್ಲುತ್ತಿದ್ದಾರೆ. 1983ರಲ್ಲಿ ಯಮಾಹಾ ಡಿಎಕ್ಸ್7 ಎಂಬ ಡಿಜಿಟಲ್ ವಾದ್ಯ ಬಂದ ಮೇಲೆ ಅನಲಾಗ್ ಯಂತ್ರಗಳನ್ನು ಜನ ಅಗ್ಗವಾಗಿ ಮಾರಿಬಿಟ್ಟರು. ಅಂದಿನ ಅನಾದರದಷ್ಟೇ ಇಂದಿನ ಅತ್ಯಾದರವೂ ಈ ವಾದ್ಯಗಳಿಗೆ ಅಪಾಯಕಾರಿ.

ಇಷ್ಟೆಲ್ಲ ತೊಂದರೆ ಏಕೆ, ಈ ನಾದಗಳನ್ನೆಲ್ಲ ಕಂಪ್ಯೂಟರಿನಲ್ಲಿಯೇ ಪಡೆಯಬಹುದಲ್ಲ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆ ನ್ಯಾಯವಾದುದೇ. ಇಂದಿನ ತಂತ್ರಾಂಶಗಳು ಹಳೆಯ ವಾದ್ಯಗಳನ್ನು ಬಹು ಚೆನ್ನಾಗಿ ಅನುಕರಿಸುತ್ತವೆ. ಬರಿಯ ಸಂಗೀತ ರಚನೆ ಬೇಕಾದವರಿಗೆ ಅವು ಧಾರಾಳವಾಗಿ ಸಾಕು. ಸಾಲ ಮಾಡಿ ಹಳೆಯ ಯಂತ್ರ ಕೊಳ್ಳಿರೆಂದು ನಾವು ಯಾವ ವಿದ್ಯಾರ್ಥಿಗೂ ಹೇಳುವುದಿಲ್ಲ. ಆದರೆ ಅನುಕರಣೆ ಮಾಡುವವರಿಗೂ ಅಳೆದು ನೋಡಲು ಮೂಲ ಬೇಕಷ್ಟೆ. ಅಲ್ಲದೆ ಮೂಲ ಯಂತ್ರವು ಬಿಚ್ಚಿಟ್ಟ ಪುಸ್ತಕದಂತಿದೆ. ಅದರ ಪ್ರತಿಯೊಂದು ಗುಂಡಿಗೂ ಒಂದೊಂದು ಕೆಲಸ. ಪ್ರತಿಯೊಂದು ಕೆಲಸವನ್ನೂ ಅಳತೆಯ ಮೀಟರು ಹಿಡಿದು ಪರೀಕ್ಷಿಸಬಹುದು. ಮುಂದೊಂದು ದಿನ ಕಂಪ್ಯೂಟರಿನ ವ್ಯವಸ್ಥೆ ಬದಲಾದರೆ ಇಂದಿನ ತಂತ್ರಾಂಶ ನಡೆಯದೆ ಹೋಗಬಹುದು. ಮಿನಿಮೋಗಿಗಾದರೋ, ನಕ್ಷೆ ಮತ್ತು ಬೆಸುಗೆಯ ಕಡ್ಡಿ ಇದ್ದರೆ ಇನ್ನೂ ಐವತ್ತು ವರ್ಷ ಆಯುಸ್ಸುಂಟು.

ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಡೇವಿಡ್ ಟ್ಯೂಡರ್ ಅವರು ಮೋಗ್ ಯಂತ್ರವುಳ್ಳ ವಿದ್ಯುನ್ಮಾನ ಸಂಗೀತ ಶಾಲೆಯೊಂದನ್ನು ಅಣಿಗೊಳಿಸಿದರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ ಮೊದಲಾದವರು 1972ರವರೆಗೆ ಅಲ್ಲಿ ರಚಿಸಿದ ನಾದಗಳು ಧ್ವನಿಸುರುಳಿಗಳಲ್ಲಿ ದಶಕಗಳ ಕಾಲ ಅಜ್ಞಾತವಾಗಿದ್ದು, ಪಾಲ್ ಪರ್ಗಾಸ್ ಅವರ ಶೋಧನೆಯ ಫಲವಾಗಿ 2023ರಲ್ಲಿ ಪ್ರಕಟವಾದುವು. ಇದು ಸಂತೋಷದ ಸಂಗತಿ. ಆದರೆ ಸುರುಳಿಯಲ್ಲಿ ಉಳಿಯುವುದು ಅಂದು ನುಡಿಸಿದ ಸಂಗೀತ ಮಾತ್ರ. ಇನ್ನೂ ನುಡಿಸದ ಸಂಗೀತ ಇರುವುದು ನಡೆಯುವ ಯಂತ್ರದಲ್ಲಿ ಮತ್ತು ಅದನ್ನು ನಡೆಸಬಲ್ಲವರ ಕೈಯಲ್ಲಿ.

ಆ ಕೈಗಳ ವಿದ್ಯೆಯೇ ಇಂದು ಅಪಾಯದಲ್ಲಿರುವುದು. ಈ ಯಂತ್ರಗಳನ್ನು ಬಲ್ಲ ದುರಸ್ತಿಗಾರರ ಮೊದಲ ಪೀಳಿಗೆ ಮುದಿಯಾಗಿದೆ. ಶುಭಸೂಚನೆಗಳೂ ಇಲ್ಲದಿಲ್ಲ. ಪ್ರಾಫೆಟ್-5ರಂತಹ ವಾದ್ಯಗಳ ಜೀವಾಳವಾಗಿದ್ದು, ಬಹುಕಾಲ ದುರ್ಲಭವಾಗಿದ್ದ ಕರ್ಟಿಸ್ 3340 ಎಂಬ ಆಂದೋಲಕ ಚಿಪ್ಪು 2016ರಲ್ಲಿ ಮತ್ತೆ ತಯಾರಾಯಿತು. ಇಂತಹ ಕೆಲಸ ಹೆಚ್ಚಬೇಕು. ಹಿಂದಿನ ತಯಾರಕರು ದುರಸ್ತಿಯ ಕೈಪಿಡಿಗಳಲ್ಲಿ ಪೂರ್ಣ ನಕ್ಷೆಗಳನ್ನು ಕೊಡುತ್ತಿದ್ದುದರಿಂದಲೇ ಈ ವಾದ್ಯಗಳು ಇಂದಿಗೂ ಉಳಿದಿವೆ. ಇಂದಿನ ತಯಾರಕರೂ ಹಾಗೆಯೇ ಮಾಡಬೇಕೆಂದು ಕೊಳ್ಳುವವರು ಒತ್ತಾಯಪಡಿಸಬೇಕು.

ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಇಷ್ಟೆ. ಹಳೆಯ ಸಿಂಥೆಸೈಜರು ನಿಮ್ಮದಾಗಬೇಕಾಗಿಲ್ಲ. ಅದರ ವಿದ್ಯೆ ನಿಮ್ಮದಾಗಲಿ. ಕೆಲವು ಟ್ರಾನ್ಸಿಸ್ಟರುಗಳು, ರೋಧಕಗಳು, ಧಾರಕಗಳು ಮತ್ತು 9 ವೋಲ್ಟಿನ ಒಂದು ಬ್ಯಾಟರಿಯಿಂದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಆಂದೋಲಕವನ್ನು ಕಟ್ಟಿರಿ. ಟ್ರಾನ್ಸಿಸ್ಟರನ್ನು ಬೆರಳಿನಿಂದ ಮುಟ್ಟಿ ಬಿಸಿಮಾಡಿ, ಸ್ವರ ಜಾರುವುದನ್ನು ಕಿವಿಯಾರೆ ಕೇಳಿರಿ. ಮನೆಯ ವಿದ್ಯುತ್ತಿಗೆ ಸೇರಿದ ಯಂತ್ರವನ್ನು ಮಾತ್ರ ಬಲ್ಲವರ ಸಮ್ಮುಖದಲ್ಲಲ್ಲದೆ ತೆರೆಯಬೇಡಿರಿ; ಆರಿಸಿದ ಮೇಲೆಯೂ ಧಾರಕಗಳಲ್ಲಿ ವಿದ್ಯುತ್ತು ಉಳಿದಿರಬಹುದು. ಈ ವಿದ್ಯೆ ಕಲಿತವರು ಹತ್ತು ಊರುಗಳಲ್ಲಿ ಹತ್ತು ಜನ ಇದ್ದರೂ ಸಾಕು, ಮೂಲೆ ಸೇರಿದ ಎಷ್ಟೋ ವಾದ್ಯಗಳು ಮತ್ತೆ ನುಡಿದಾವು.